ನಲವತ್ತೊಂದನೆಯ ಪೆಟ್ಟಿಗೆ

ನಲವತ್ತು ಪೆಟ್ಟಿಗೆಗಳು ಶಾಲೆಯ ಬಾಗಿಲಿಗೆ ತಲುಪಿದ್ದವು. ನಲವತ್ತೊಂದನೆಯದರ ಸುಳಿವೇ ಇಲ್ಲ. ಶನಿವಾರ ಬೆಳಗಿನಿಂದ ತಂಗಿ ಮೊಬೈಲು ಹಿಡಿದು ಮರಗೆಲಸದ ಶೆಡ್ಡಿನೊಳಗೆ ಅಂಡು ಸುಟ್ಟ ಬೆಕ್ಕಿನ ಹಾಗೆ ಸುತ್ತುತ್ತಿದ್ದಳು.

ಈ ಶೆಡ್ಡಿನಲ್ಲಿ ಅಣ್ಣ ಬಡಗಿ. ಆರ್ಡರು ಹಿಡಿಯುವುದು, ಮಾಲು ಕಳಿಸುವುದು ತಂಗಿಯ ಪಾಲು. ನಲವತ್ತು ಪೆಟ್ಟಿಗೆಯಲ್ಲಿ ನಲವತ್ತು ಡೆಸ್ಕು, ಎಲ್ಲ ಬಿಡಿಬಿಡಿ. ಅವನ್ನು ಜೋಡಿಸುವ ಬೋಲ್ಟು ಮಾತ್ರ ಚೆಲ್ಲಾಪಿಲ್ಲಿಯಾಗಬಾರದೆಂದು ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ಆ ನಲವತ್ತೊಂದನೆಯದರಲ್ಲಿ. ಅಪ್ಪನ ಕಾಲದ ರೂಢಿ ಅದು. ಆಗ ಎಲ್ಲ ಒಂದೇ ಲಾರಿಯಲ್ಲಿ ಹೋಗುತ್ತಿತ್ತು, ನಡೆಯುತ್ತಿತ್ತು. ಸೋಮವಾರ ಎಂಟಕ್ಕೆ ಮಕ್ಕಳು ಡೆಸ್ಕಿನಲ್ಲಿ ಕೂರಬೇಕು, ಇಲ್ಲದಿದ್ದರೆ ಅದೇ ಸಂಸ್ಥೆಯ ಉಳಿದ ಆರು ಶಾಲೆಗಳ ಕೆಲಸ ಬೇರೆಯವರಿಗೆ ಎಂದು ಹೆಡ್ ಮೇಡಂ ಮೊದಲೇ ಹೇಳಿಬಿಟ್ಟಿದ್ದರು. "ಆಗುತ್ತೆ ಮೇಡಂ" ಎಂದು ಮಾತು ಕೊಟ್ಟವಳು ತಂಗಿ.

"ಬಡ್ಕೊಂಡೆ, ಲಾರಿಗೆ ಹಾಕು ಅಂತ," ಅಣ್ಣ ಹಲಗೆ ಉಜ್ಜುತ್ತಲೇ ಗೊಣಗಿದ. "ಒಟ್ಟಿಗೆ ಹೋಗುತ್ತೆ, ಒಟ್ಟಿಗೆ ಇಳಿಯುತ್ತೆ. ಪಾರ್ಸೆಲ್ಲಂತೆ ಪಾರ್ಸೆಲ್ಲು!"

"ಲೋಡು ತುಂಬೋವರೆಗೂ ಲಾರಿ ಅಲ್ಲಾಡ್ತಿರ್ಲಿಲ್ಲ ಕಣೋ. ದೊಡ್ಡ ರಸ್ತೇಲಿ ಇಳಿಸಿ ಹೋಗಿದ್ರೆ ಆ ಶಾಲೆ ಗಲ್ಲಿ ಒಳಗೆ ನಿನ್ ಮಾವ ಬಂದು ಹೊರ್ತಿದ್ರಾ?"

"ಬಾಯಿಗೇನೂ ಕಮ್ಮಿ ಇಲ್ಲ."

ಕಮ್ಮಿ ಇರಲಿಲ್ಲ, ನಿಜ. ಒಳಗೆ ಮಾತ್ರ ಅವಳಿಗೆ ಪುಕಪುಕ. ಪಾರ್ಸೆಲ್ಲೇ ಆಗಬೇಕೆಂದು ಹಟ ಹಿಡಿದವಳು ಅವಳೇ ತಾನೆ? ಹನ್ನೊಂದನೆಯ ಸಲ ಫೋನು ಮಾಡಿದಾಗ ಪಾರ್ಸೆಲ್ ಗೋದಾಮಿನ ಗುಮಾಸ್ತ ಸಿಕ್ಕಿದ.

"ಡಬ್ಬ ಇಲ್ಲೇ ಇದೆಯಮ್ಮ. ತೂಕ ಮೀರಿದೆ ಅಂತ ತಡೆದಿದೀವಿ. ಪಾರ್ಸೆಲ್ಲಿಗೆ ಮೂವತ್ತು ಕಿಲೋ ಮಿತಿ. ಇದು ಮೂವತ್ತೊಂದೂವರೆ."

"ಸಾಧ್ಯವೇ ಇಲ್ಲ! ನನ್ನ ಕೈಯಾರೆ ತೂಗಿದೀನಿ. ಇಪ್ಪತ್ತೊಂಬತ್ತೂವರೆ!"

"ತಕ್ಕಡಿ ಸುಳ್ಳು ಹೇಳುತ್ತಾ ತಾಯಿ?"

ಉಜ್ಜುವ ಸದ್ದು ನಿಂತಿತು. ಅಣ್ಣ ನೆಲ ನೋಡುತ್ತಿದ್ದ.

"ಟೇಪು ಅಂಟಿಸೋಕೆ ಮುಂಚೆ ನಾನು... ಒಂದಷ್ಟು ಹಿಡಿ ಬೋಲ್ಟು ಜಾಸ್ತಿ ಹಾಕ್ದೆ. ಮಕ್ಳು ಕೂರೋ ಸಾಮಾನು, ಅಲ್ಲೊಂದು ಇಲ್ಲೊಂದು ಬಿದ್ದೋದ್ರೆ ಪರದಾಡ್ಬಾರ್ದು ಅಂತ. ಕೊಸರು ಕೊಡ್ದೆ ಅಪ್ಪ ಯಾವತ್ತಾದ್ರೂ ಮಾಲು ಕಳಿಸಿದ್ರಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬೆಳಗಿನಿಂದ ಕೇಳಿಸಿಕೊಂಡದ್ದನ್ನೆಲ್ಲ ಬಡ್ಡಿ ಸಮೇತ ತೀರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಅಣ್ಣ ಫೋನು ಕಿತ್ತುಕೊಂಡ. ಗಿರಾಕಿಗಳೊಂದಿಗೆ ಮಾತೆಂದರೆ ಮಾರು ದೂರ ಓಡುವ ಆಸಾಮಿ, ಹೆಡ್ ಮೇಡಂ ನಂಬರೇ ಒತ್ತಿದ.

"ಮೇಡಂ, ನಾನು ಬಡಗಿ, ಅವಳ ಅಣ್ಣ. ಬೋಲ್ಟಿನ ಪೆಟ್ಟಿಗೆ ದಾರೀಲಿ ನಿಂತಿದೆ. ತಪ್ಪು ನಂದು, ನನ್ ತಂಗೀದಲ್ಲ. ಈಗ್ಲೇ ಹೋಗಿ ಬಿಡಿಸ್ಕೊಂಡು ಬರ್ತೀನಿ. ನಾಳೆ ಇಡೀ ದಿನ ಅಲ್ಲೇ ಕೂತು ಜೋಡಿಸಿ ಕೊಡ್ತೀನಿ." ಸ್ವಲ್ಪ ಹೊತ್ತು ತಲೆಯಾಡಿಸುತ್ತ ಕೇಳಿಸಿಕೊಂಡ. "ನಾಳೆ ಬೆಳಿಗ್ಗೆ ಏಳಕ್ಕೆ ಗೇಟು ತೆಗೀತಾರಂತೆ," ಎಂದು ಫೋನು ವಾಪಸು ಕೊಟ್ಟ.

ಮೂವತ್ತು ಕಿಲೋದ ಮಿತಿ ತಂಗಿಗೆ ಮೊದಲ ದಿನದಿಂದ ಗೊತ್ತಿತ್ತು. ಉಳಿ ಹಿಡಿಯುವವನಿಗೆ ಇದೆಲ್ಲ ಯಾಕೆ ಎಂದು ಅವನ ಹತ್ತಿರ ಬಾಯಿ ಬಿಟ್ಟಿರಲಿಲ್ಲ.

"ಮಿತಿ ವಿಷ್ಯ ನಿಂಗೆ ಹೇಳ್ಲೇ ಇಲ್ಲ ಅಣ್ಣ," ಎಂದಳು.

"ಹೇಳ್ಬೇಕಿತ್ತು," ಎಂದ ಅಣ್ಣ. ಗೋಡೆಯಿಂದ ಸ್ಪ್ಯಾನರು ತೆಗೆದು ಚೀಲಕ್ಕೆ ಹಾಕಿದ. ಒಂದು ಗಳಿಗೆ ನಿಂತು ಇನ್ನೊಂದನ್ನು ಅವಳ ಕೈಗಿಟ್ಟ.