ನಾಯಕರ ಕೋಟಿನ ಅಳತೆ

ಕ್ರಾಂತಿ ಮಾಡಿ ದೇಶ ಕಟ್ಟಿದ ನಾಯಕರ ಕೋಟನ್ನು ಟೈಲರಮ್ಮನ ತಂಗಿಯ ಮಗಳು ಹಸುಗೂಸಿನ ಹಾಗೆ ಎತ್ತಿಕೊಂಡು ಬಂದು ಹೊಲಿಗೆ ಮೇಜಿನ ಮೇಲೆ ಮಲಗಿಸಿದಳು. ಅವಳೀಗ ವಸ್ತುಸಂಗ್ರಹಾಲಯದ ಅಧಿಕಾರಿ. ಟೈಲರಮ್ಮ ಎದ್ದು ನಿಂತಳು.

"ಕೂತ್ಕೋ ದೊಡ್ಡಮ್ಮ. ಬರೀ ಕೋಟು, ಒಳಗೆ ಯಾರೂ ಇಲ್ಲ."

"ನಿಂಗೆ ತಮಾಷೆ. ಈ ಕೋಟಿಂದಲೇ ಕಣೇ ಈ ಬೀದೀಲಿ ನಂಗೆ ಮರ್ಯಾದೆ."

ಸುಳ್ಳಲ್ಲ. ನಲವತ್ತು ವರ್ಷದ ಹಿಂದೆ, ನಾಯಕರು ತೀರಿಕೊಂಡಾಗ, ಅವರ ಕೋಟು ತೊಡಿಸಿ ನಿಲ್ಲಿಸಲು ವಸ್ತುಸಂಗ್ರಹಾಲಯದವರು ಆಳಿಗಿಂತ ಒಂದು ಗೇಣು ಎತ್ತರದ ಗೊಂಬೆ ಮಾಡಿಸಿದ್ದರು. ಕೋಟು ಅದಕ್ಕೆ ಹಿಡಿಸಲಿಲ್ಲ. ಸರಿಮಾಡಲು ಕರೆ ಬಂದದ್ದು ಟೈಲರಮ್ಮನಿಗೆ. ಕೋಟು ನೋಡಿದರೆ ಎದೆ ಸಣ್ಣದು, ಒಂದು ತೋಳು ಇನ್ನೊಂದಕ್ಕಿಂತ ಗಿಡ್ಡ, ಒಳಜೇಬಿಗೆ ಗಂಡಸಿನ ಕೈಯ ಸೊಟ್ಟ ತೇಪೆ. ಅವರ ಪರವಾಗಿ ಇವಳಿಗೆ ನಾಚಿಕೆಯಾಯಿತು. ತೇಪೆ ಕಿತ್ತಳು, ಎದೆಗೆ ಬಟ್ಟೆ ಕೂಡಿಸಿದಳು, ತೋಳು ಎರಡನ್ನೂ ತೆಗೆದು ಹೊಸದಾಗಿ ಸರಿಸಮ ಹೊಲಿದಳು. ಹಳೆಯ ತೋಳು, ತೇಪೆ ಯಾರ ಕಣ್ಣಿಗೂ ಬೀಳಬಾರದೆಂದು ಒಲೆಗೆ ಹಾಕಿದಳು.

"ಆ ಗೊಂಬೆ ತೆಗೀತಿದೀವಿ," ಎಂದಳು ತಂಗಿಯ ಮಗಳು. "ಅವರು ಎಷ್ಟಿದ್ರೋ ಅಷ್ಟೇ ತೋರಿಸ್ಬೇಕು. ಕೋಟು ಮೊದಲಿನ ಹಾಗೆ ಮಾಡ್ಕೊಡು."

"ಅವರನ್ನೇ ಕುಗ್ಗಿಸ್ತೀಯೇನೇ?"

"ಹಿಗ್ಗಿಸಿದ್ದು ನೀನು."

ಟೈಲರಮ್ಮನಿಗೆ ನಗು ಬಂತು, ಅಲ್ಲೇ ನಿಂತಿತು.

"ಜೈಲಲ್ಲಿ ಅವರ ಕೈ ಮುರಿದಿದ್ರು, ಅದು ಗಿಡ್ಡವಾಗೇ ಕೂಡ್ಕೊಳ್ತು ಅಂತ ಒಂದು ಕಾಗದ ಸಿಕ್ಕಿದೆ. ಯಾವ ಕೈ ಅಂತ ಇಲ್ಲ. ಫೋಟೋದಲ್ಲೆಲ್ಲ ಕೈ ಹಿಂದೆ ಕಟ್ಕೊಂಡೇ ನಿಂತಿದಾರೆ. ಮೊದಲಿನ ಕೋಟು ನೋಡಿದೋರಲ್ಲಿ ಉಳಿದಿರೋದು ನೀನೊಬ್ಬಳೇ. ಯಾವ ತೋಳು ಗಿಡ್ಡ ಇತ್ತು, ದೊಡ್ಡಮ್ಮ?"

"ಅಷ್ಟೇನಾ? ಬರೆದಿಟ್ಟಿರ್ತೀನಿ ತಾಳು."

ಅಳತೆ ಬರೆಯದೆ ಅವಳು ಕತ್ತರಿ ಮುಟ್ಟಿದವಳೇ ಅಲ್ಲ. ಟ್ರಂಕಿನಿಂದ ಆ ವರ್ಷದ ಪುಸ್ತಕ ಹೊರಬಂತು. ಅಂಚೆಯವನ ಎಡಭುಜ ಇಳಿದಿದೆ. ಬೇಕರಿಯವನ ಹೊಟ್ಟೆಗೆ ಎರಡಿಂಚು ಹೆಚ್ಚು, ಕೇಳಿದರೆ ಒಂದು ಅನ್ನು. ಹಾಳೆ ತಿರುವಿದಳು. "ನಾಯಕರು" ಎಂದು ದಪ್ಪ ಅಕ್ಷರ, ಸುತ್ತ ಹೂಬಳ್ಳಿಯ ಚಿತ್ತಾರ. ಕೆಳಗೆ ಏನೂ ಇಲ್ಲ. ಅವರ ಕೋಟಿಗೆ ಟೇಪು ಹಿಡಿಯಲು ನಾನ್ಯಾರು ಎನ್ನಿಸಿತ್ತು ಆವತ್ತು. ಗೊಂಬೆಯ ಅಳತೆಗೇ ಹೊಲಿದಿದ್ದಳು.

"ನೆನಪು ಮಾಡ್ಕೋ, ಆತುರ ಇಲ್ಲ."

ಟೈಲರಮ್ಮ ಕಣ್ಣು ಮುಚ್ಚಿದಳು. ಒಲೆಯ ಬೆಂಕಿ ಕಂಡಿತು, ತೇಪೆಯ ಕಪ್ಪು ದಾರ ಕಂಡಿತು. "ಎಡ..." ಎಂದಳು.

ಮಗಳ ಪೆನ್ಸಿಲು ಕಾಗದ ಮುಟ್ಟಿತು. ಇವಳು ಹೂಂ ಅಂದರೆ ಸಾಕು, ನಾಳೆಯಿಂದ ಶಾಲೆ ಮಕ್ಕಳೆಲ್ಲ ಎಡ ಎಂದೇ ಓದುತ್ತಾರೆ.

"ಬರೀಬೇಡ ಕಣೇ. ನಂಗೆ ಗೊತ್ತಿಲ್ಲ."

"ದೊಡ್ಡಮ್ಮ..."

"ಬೀದಿಯವರ ಮೈಯ ಕೊಂಕೆಲ್ಲ ಬಾಯಿಪಾಠ ನಂಗೆ. ಅವರೊಬ್ಬರನ್ನ ನೋಡ್ಲಿಲ್ಲ. ನೀನು ಕೋಟಿನ ಪಕ್ಕ ಇಡೋ ಚೀಟೀಲಿ ಬರೆದುಬಿಡು, ಟೈಲರು ಹಾಳು ಮಾಡಿದಳು ಅಂತ."

"ಹಾಳು ಅಂತ ಬೇಡ. ಬದಲಾಯಿಸಿದಳು ಅಂತ ಬರೀತೀನಿ."

"ನಿನ್ನಿಷ್ಟ."

ಮಗಳು ಕೋಟು ಮಡಿಸಲು ಬಂದಾಗ ಟೈಲರಮ್ಮ ಎರಡು ತೋಳಿನ ತುದಿಯನ್ನೂ ಜೋಡಿಸಿ ಹಿಡಿದಿದ್ದಳು. ಒಂದೆಳೆ ದಾರದಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಕೈ ಅಷ್ಟು ಚೊಕ್ಕವಾಗಿತ್ತು ಆಗ.