ನೂರಾ ಒಂದು ಬೆಳ್ಳಿ ರೂಪಾಯಿ

ನನಗೆ ಸಿಟ್ಟು ಬರುವುದು ಎರಡೇ ಕಾರಣಕ್ಕೆ. ಒಂದು, ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿ ‘ಸಾಕಲ್ರಿ?’ ಎಂದು ಕೇಳಿದರೆ. ಇನ್ನೊಂದು, ಸರಕಾರದ ಉಳಿತಾಯದ ಕಾಗದಕ್ಕೆ ಯಾರಾದರೂ ಕುಂದು ಹೇಳಿದರೆ. ಲಕ್ಷ್ಮೇಶ್ವರದಲ್ಲಿ ಸಣ್ಣ ಉಳಿತಾಯದ ಏಜೆಂಟನಾಗಿ ಹದಿನಾರು ವರ್ಷ ಸೈಕಲ್ ತುಳಿದವನು ನಾನು, ಹೇಮಪ್ಪ. ಶಿರಹಟ್ಟಿ, ಮಾಗಡಿ ಯಾವ ಊರನ್ನೂ ಬಿಟ್ಟಿಲ್ಲ. ಮುಂಡರಗಿಗೆ ಮಾತ್ರ ಬಸ್ಸಿನಲ್ಲಿ ಹೋಗುತ್ತಿದ್ದೆ. ನೀವು ಕೊಡುವ ರೊಕ್ಕ ಸರಕಾರಕ್ಕೆ ಸಾಲ, ಸರಕಾರ ಅದರಿಂದ ಅಣೆಕಟ್ಟು ಕಟ್ಟುತ್ತದೆ, ಏಳು ವರ್ಷಕ್ಕೆ ಬಡ್ಡಿ ಸಮೇತ ತಿರುಗಿ ಕೊಡುತ್ತದೆ. ಈ ಭಾಷಣವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳುತ್ತಿದ್ದೆ.

ನನ್ನ ಈ ಭಾಷಣಕ್ಕೆ ಪೂರ್ತಿ ಮನಸೋತವನು ಕಲಾಯಿ ಗೌಸಸಾಬ. ಊರಿನ ಹಿತ್ತಾಳೆ ಪಾತ್ರೆಗಳಿಗೆಲ್ಲ ತವರದ ಕಲಾಯಿ ಹಾಕಿ ಗಳಿಸಿದ್ದನ್ನು ವರ್ಷವರ್ಷವೂ ನನ್ನ ಸರ್ಟಿಫಿಕೇಟುಗಳಲ್ಲಿ ಇಟ್ಟಿದ್ದ. ಅವನಿಗೆ ಇದ್ದದ್ದು ಒಂದೇ ಆಸೆ, ಹಜ್ ಯಾತ್ರೆ. ಸಾವಿರದ ಒಂಬೈನೂರ ಎಂಬತ್ತರಲ್ಲಿ ಮುಂಬಯಿಯ ಹಡಗಿನ ಪಟ್ಟಿಯಲ್ಲಿ ಅವನ ಹೆಸರು ಬಂತು. ಶುಕ್ರವಾರದೊಳಗೆ ರೊಕ್ಕ ಕಟ್ಟಬೇಕಿತ್ತು. ಸರ್ಟಿಫಿಕೇಟುಗಳ ರೊಕ್ಕವೂ ಸರಿಯಾಗಿ ಅಷ್ಟೇ ಬಂದಿತ್ತು.

ಹಜ್ಜಿಗೆ ಹೋಗುವವರು ಯಾರ ಬಾಕಿಯನ್ನೂ ತಲೆಯ ಮೇಲೆ ಇಟ್ಟುಕೊಂಡು ಹೋಗುವಂತಿಲ್ಲ. ಗೌಸಸಾಬ ಕಿರಾಣಿ ಅಂಗಡಿಯ ಎಂಟಾಣೆಯನ್ನೂ ಮುಟ್ಟಿಸಿದ. ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ ಹೇಳಿದ: “ಹೇಮಪ್ಪಣ್ಣಾ, ಎಲ್ಲಾರದೂ ಆತು. ಮನ್ಯಾಕಿದು ಒಂದು ಉಳದೈತಿ. ನೀವು ಬಂದು ಸರಕಾರದ ಲೆಕ್ಕ ಬಿಡಿಸಿ ಹೇಳ್ರಿ. ನಾ ಹೇಳಿದ್ರ ಆಕಿ ಕೇಳೂದಿಲ್ಲ.”

ಬಾಕಿಯ ಕತೆ ಹೀಗೆ. ಮದುವೆಯ ದಿನ ಅವನು ಹೆಂಡತಿ ಖಾತುನಬಿಗೆ ಮೆಹರ್ ಎಂದು ನೂರಾ ಒಂದು ಬೆಳ್ಳಿ ರೂಪಾಯಿ ಕೊಟ್ಟಿದ್ದ. ಮೆಹರ್ ಎಂದರೆ ಹೆಂಡತಿಯ ಸ್ವಂತ ಸೊತ್ತು, ಗಂಡನಿಗೂ ಅದರ ಮೇಲೆ ಹಕ್ಕಿಲ್ಲ. ಐದು ವರ್ಷದ ಮೇಲೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ಹಳೆಯ ಬೆಳ್ಳಿ ರೂಪಾಯಿ ಇನ್ನು ನಡೆಯುವುದಿಲ್ಲ, ತಂದು ಬದಲಿಸಿಕೊಳ್ಳಿ ಎಂದು ಸರಕಾರ ಡಂಗುರ ಹೊಡೆಸಿತು. ಓಣಿಯ ಜನರೆಲ್ಲ ತಮ್ಮ ರೂಪಾಯಿಗಳನ್ನು ಒಲೆಯ ಬುಡದಲ್ಲಿ ಹೂಳಿ ಸುಮ್ಮನೆ ಕೂತರು. ನಮ್ಮ ಗೌಸಸಾಬ ಮಾತ್ರ, ಮಹಾ ಪ್ರಾಮಾಣಿಕ, ಹೆಂಡತಿಯ ಪೆಟ್ಟಿಗೆ ಬರಿದು ಮಾಡಿಕೊಂಡು ಗದಗಿಗೆ ಹೋಗಿ ಖಜಾನೆಯ ಮುಂದೆ ಸಾಲು ನಿಂತ. ಬೆಳ್ಳಿ ಕೊಟ್ಟು ಕಾಗದದ ನೋಟು ತಂದ. ‘ನಿನ್ನದು ನಿನಗೆ ತಿರುಗಿ ಕೊಡ್ತೀನಿ’ ಎಂದು ಅದನ್ನು ಅಂಚೆ ಕಚೇರಿಯ ಉಳಿತಾಯ ಪುಸ್ತಕದಲ್ಲಿಟ್ಟ.

ಮರುದಿನ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಅವರ ಮನೆಗೆ ಹೋದೆ. ಗೌಸಸಾಬ ಅಂಚೆ ಪುಸ್ತಕದಿಂದ ತೆಗೆದ ಹೊಸ ನೋಟುಗಳನ್ನು ಹೆಂಡತಿಯ ಮುಂದೆ ಇಟ್ಟ. ನಾನು ಗಂಟಲು ಸರಿಮಾಡಿಕೊಂಡೆ.

“ನೋಡ್ರಿ ಅಕ್ಕಾರ, ನೂರಾ ಒಂದು ಇದ್ದದ್ದು ಈಗ ಮುನ್ನೂರಾ ಹತ್ತು ಆಗೈತಿ. ಮೂರು ಪಟ್ಟು! ಪೆಟ್ಟಿಗ್ಯಾಗ ಇಟ್ಟಿದ್ರ ಒಂದು ಪೈಸಾನೂ ಹೆಚ್ಚಾಗ್ತಿರಲಿಲ್ಲ.”

ಖಾತುನಬಿ ಅಕ್ಕಿ ಆರಿಸುವ ಮೊರವನ್ನು ಕೆಳಗಿಡಲಿಲ್ಲ. “ಹೇಮಪ್ಪಣ್ಣಾ, ನನ್ನ ಮದುವ್ಯಾಗ ಜ್ವಾಳದ ಚೀಲ ಎಷ್ಟಕ್ಕಿತ್ತು?”

“ಏಳು ರೂಪಾಯಿ ಇದ್ದೀತು.”

“ಈಗ?”

“ನೂರಾ ಐವತ್ತು.”

“ಹಂಗಾದ್ರ ನನ್ನ ಕಡಿಂದ ಹದಿನಾಕು ಚೀಲ ಜ್ವಾಳ ಒಯ್ದು ಎರಡು ಚೀಲ ತಂದು ಇಟ್ಟೀರಿ. ಮ್ಯಾಲ ಮೂರು ಪಟ್ಟು ಅಂತೀರಿ. ಶಾಲಿಗೆ ಹೋದವರು ನೀವು, ನನಗ ತಿಳಿಯೂವಂಗ ಹೇಳ್ರಿ.”

ನಾನು ಮಲಪ್ರಭೆಯ ಅಣೆಕಟ್ಟಿನ ಮಾತು ತೆಗೆದೆ. ಆಕೆ ನಗತೊಡಗಿದಳು.

“ನಮ್ಮವರು ತಾಮ್ರಕ್ಕ ಕಲಾಯಿ ಹಾಕ್ತಾರ, ಊಟಾ ಕೆಡಬಾರದು ಅಂತ. ನಿಮ್ಮ ಸರಕಾರ ರೂಪಾಯಿಯೊಳಗಿನ ಬೆಳ್ಳಿ ತಗದು ಮ್ಯಾಲ ಬರೇ ಹೆಸರು ಉಳಿಸೈತಿ. ನಾ ಕೊಟ್ಟದ್ದು ಬೆಳ್ಳಿ. ನನಗ ಬೆಳ್ಳಿ ಬೇಕು.”

ಮೈಯೆಲ್ಲ ಉರಿದುಹೋಯಿತು. ಅಕ್ಕಿ ಆರಿಸುವ ಹೆಂಗಸು ನನಗೆ ಸರಕಾರದ ಲೆಕ್ಕ ಹೇಳುವುದೇ? ಗೌಸಸಾಬನ ಕೈ ಹಿಡಿದು ಎಳೆದುಕೊಂಡೇ ಬಜಾರಿನಲ್ಲಿ ಬೆಳ್ಳಿಬಂಗಾರ ಮಾರುವ ಸರಾಫ ಅಂದಾನಪ್ಪನ ಅಂಗಡಿಗೆ ನಡೆದೆ. ಹಳೆಯ ಬೆಳ್ಳಿ ರೂಪಾಯಿಗೆ ಹೆಚ್ಚೆಂದರೆ ನಾಲ್ಕೈದು ರೂಪಾಯಿ ಇರಬಹುದು, ಆಕೆಯ ಮುಖಕ್ಕೆ ಎಸೆದರಾಯಿತು ಎಂದುಕೊಂಡಿದ್ದೆ.

“ಒಂದಕ್ಕ ಇಪ್ಪತ್ತೈದು” ಎಂದ ಅಂದಾನಪ್ಪ. “ನಿನ್ನೆ ಇಪ್ಪತ್ನಾಕು ಇತ್ತು. ನಾಳೆ ಕೇಳಬ್ಯಾಡ್ರಿ.”

ಗೌಸಸಾಬ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನೂ ಪಕ್ಕದಲ್ಲಿ ಕೂತೆ. ನೂರಾ ಒಂದಕ್ಕೆ ಎರಡು ಸಾವಿರದ ಐನೂರಾ ಇಪ್ಪತ್ತೈದು! ಅಷ್ಟು ತೆಗೆದರೆ ಈ ವರ್ಷದ ಹಡಗು ತಪ್ಪುತ್ತದೆ. ಮುಂದಿನ ವರ್ಷ ಅವನ ಇನ್ನೆರಡು ಸರ್ಟಿಫಿಕೇಟುಗಳ ಅವಧಿ ಮುಗಿಯುವುದಿತ್ತು, ಅದು ಖರೆ. ಆದರೆ ಅರವತ್ತೈದು ದಾಟಿದವನಿಗೆ ಮುಂದಿನ ವರ್ಷದ ಮಾತು ಹೇಳುವುದು ಹೇಗೆ?

“ಆಕಿ ಮಾಫ್ ಮಾಡಿದೆ ಅಂತ ಒಂದು ಮಾತು ಅಂದ್ರ ಸಾಕಲ್ಲೋ” ಎಂದೆ. “ಕಾಲು ಹಿಡಕೊ, ಹೋಗು.”

ಅವನು ಕಣ್ಣೊರೆಸಿಕೊಂಡು ಎದ್ದ. “ಒಯ್ದಾಂವ ನಾನು. ತಿರುಗಿ ಕೊಡ್ತೀನಿ ಅಂದಾಂವನೂ ನಾನು. ಆಕಿ ಕಡೆ ಮಾಫಿ ಯಾಕ ಬೇಡಲಿ? ಅಂದಾನಪ್ಪಣ್ಣಾ, ಎಣಸ್ರಿ.” ಹಡಗಿಗೆಂದು ಸೊಂಟಕ್ಕೆ ಕಟ್ಟಿಕೊಂಡಿದ್ದ ನೋಟಿನ ಗಂಟನ್ನು ಬಿಚ್ಚಿ ಎರಡೂವರೆ ಸಾವಿರದ ಮೇಲೆ ಇಪ್ಪತ್ತೈದು ತೆಗೆದುಕೊಟ್ಟ.

ಮನೆಗೆ ತಂದ ಮೇಲೆ ಖಾತುನಬಿ ಒಂದೊಂದೇ ಬೆಳ್ಳಿ ರೂಪಾಯಿಯನ್ನು ಬೀಸುವ ಕಲ್ಲಿನ ಮೇಲೆ ಠಣ್ ಎನಿಸಿ ತೆಗೆದುಕೊಂಡಳು. ನೂರಾ ಒಂದು ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

“ಈಗ ಹೇಳ್ರಿ ಹೇಮಪ್ಪಣ್ಣಾ. ಇದನ್ನ ಮಾರಿ ನಿಮ್ಮ ಕಾಗದದಾಗ ಹಾಕಲೇನು? ನಿಮ್ಮ ತಂಗಿ ಕೇಳಿದ್ರ ಏನು ಹೇಳ್ತಿದ್ರಿ, ಅದನ್ನ ಹೇಳ್ರಿ.”

ಹದಿನಾರು ವರ್ಷದ ಭಾಷಣ ನಾಲಿಗೆಯ ತುದಿಗೇ ಬಂದಿತ್ತು. ಕಮಿಷನ್ನೂ ಕಣ್ಣ ಮುಂದೆಯೇ ಇತ್ತು. “ಬ್ಯಾಡವಾ” ಎಂದೆ. ಹೇಳಿದ ಮೇಲೆ ಮೈ ಹಗುರಾಯಿತು, ಸುಳ್ಳು ಯಾಕೆ ಹೇಳಲಿ?

ಆಕೆ ಒಳಗೆ ಹೋಗಿ ಒಂದು ಹಿತ್ತಾಳೆ ಡಬ್ಬಿ ಎತ್ತಿಕೊಂಡು ಬಂದಳು. ಎರಡೂ ಕೈಯಲ್ಲಿ ಹಿಡಿದರೂ ಭಾರಕ್ಕೆ ಬಾಗಿದ್ದಳು. ಮುಚ್ಚಳ ತೆಗೆದರೆ ಕಂಠಮಟ ಬೆಳ್ಳಿ ರೂಪಾಯಿ! ಮೂವತ್ತೇಳು ವರ್ಷ ಕೋಳಿ ತತ್ತಿ ಮಾರಿ, ಕೌದಿ ಹೊಲಿದು, ಕೈಗೆ ರೊಕ್ಕ ಬಂದಾಗಲೆಲ್ಲ ಒಂದೊಂದೇ ಹಳೆಯ ರೂಪಾಯಿ ಕೊಂಡಿದ್ದಳಂತೆ. ಗೌಸಸಾಬ ಬಾಯಿ ತೆರೆದು ನಿಂತ.

“ಒಬ್ಬರ ಹಾದಿಖರ್ಚಿಗೆ ಈ ನೂರಾ ಒಂದು ಕಡಿಮಿ ಬಿದ್ದಿತ್ತು, ಈಗ ಮುಟ್ಟಿತು” ಎಂದಳು ಆಕೆ.

“ಯಾರ ಹಾದಿಖರ್ಚು?” ಎಂದ ಗೌಸಸಾಬ.

“ಯಾರದು ಅಂತೀರಲ್ರಿ!” ಖಾತುನಬಿಯ ದನಿ ಒಡೆಯಿತು. “ನಾಕು ಊರು ತಿರುಗಿ ಪಾತ್ರಿ ಕೊಟ್ಟವರಿಗೆಲ್ಲ ಹಜ್ಜಿಗೆ ಹೋಗಿ ಬರ್ತೀನಿ ಅಂದ್ರಿ. ನೀವಿಲ್ದ, ಹೆಂಗಸು ನಾ ಒಬ್ಬಾಕಿನ ಹಜ್ಜಿಗೆ ಹೋಗಾಕ ಬರೂದಿಲ್ಲ. ನಾನಿಲ್ದ ನಿಮಗ ಹೋಗಾಕ ಬರತೈತಿ. ನೀನೂ ಬರ್ತೀಯೇನು ಅಂತ ಒಂದು ದಿನ ಕೇಳೀರೇನು?”

ಗೌಸಸಾಬ ನನ್ನ ಮುಖ ನೋಡಿದ. ನಾನು ಜಂತಿ ನೋಡಿದೆ. ಅವನು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಹೊಸ ಮದುಮಗನ ಹಾಗೆ ನಾಚಿಕೊಂಡು ಕೇಳಿದ: “ಖಾತೂ, ಮುಂದಿನ ವರ್ಷ ನನ್ನ ಜೋಡಿ ಬರ್ತೀಯೇನು?”

“ನೋಡೂಣು” ಎಂದಳು ಆಕೆ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ. “ನಿಮ್ಮ ಲುಂಗಿ ಒಗದು ಕೊಡೂದು ಮಾತ್ರ ಅಲ್ಲಿ ನನ್ನ ಕೆಲಸ ಅಲ್ಲ.”