ಆರುವ ನಕ್ಷತ್ರದ ಕೊನೆಯ ಚುಕ್ಕೆ

ಪ್ರೊಜೆಕ್ಟರಿನ ಬಿಸಿಗಾಳಿ ಕತ್ತಿನ ಹಿಂಬದಿಗೆ ತಾಗುತ್ತಿದೆ, ಇದೂ ಆರಬೇಕು, ಎಲ್ಲವೂ ಆರಲೇಬೇಕು, ಎಷ್ಟು ಬೇಗ ಅಂತ ಅಳೆಯುವುದಕ್ಕೇ ತಾನೇ ಅವಳು ಇಷ್ಟು ವರ್ಷ ಕಣ್ಣು ಹಾಳುಮಾಡಿಕೊಂಡದ್ದು — ನಕ್ಷತ್ರ ಆರ್ತಿದೆ ಅಂದಾಗ ಫೋನಿನಲ್ಲಿ ಅಮ್ಮ ಅಯ್ಯೋ ಪಾಪ ಅಂದಿದ್ದಳು, ಯಾರೋ ನೆಂಟರು ಹೋಗಿಬಿಟ್ಟ ಹಾಗೆ, ಅಲ್ಲಮ್ಮ, ದೀಪ ಆರೋ ಹಾಗಲ್ಲ, ಹಾಲು ಆರೋ ಹಾಗೆ, ಅದು ಸತ್ತು ಎಷ್ಟೋ ಕಾಲ ಆಯ್ತು, ಉರಿಯೋಕೆ ಏನೂ ಉಳಿದಿಲ್ಲ, ಬರೀ ನ್ಯೂಟ್ರಾನುಗಳ ಗಟ್ಟಿ ಉಂಡೆ, ಹಳೇ ಬಿಸಿ ಅಷ್ಟೇ, ಹಾಗಾದ್ರೆ ಊದೋರು ಯಾರೇ ಅಂತ ಅಮ್ಮ ನಕ್ಕಿದ್ದಳು, ಇವಳೂ ನಕ್ಕಿದ್ದಳು — ಊದುವವರು ಒಳಗೇ ಇದ್ದಾರೆ, ನ್ಯೂಟ್ರಿನೊ ಅನ್ನುವ ಕಣಗಳು, ಯಾವ ಗೋಡೆಗೂ ಜಗ್ಗದೆ ಒಡಲಿನ ಶಾಖ ಹೊತ್ತು ಹೊರಬೀಳುವ ಕಳ್ಳರು, ಒಳಗಿನ ನ್ಯೂಟ್ರಾನುಗಳು ಜೋಡಿ ಕಟ್ಟತೊಡಗಿದರೆ ಈ ಕಳ್ಳರು ದಂಡುದಂಡಾಗಿ ಹೊರಡುತ್ತಾರೆ, ಆಗ ನಕ್ಷತ್ರ ಲೆಕ್ಕಕ್ಕಿಂತ ಬೇಗ ಆರುತ್ತದೆ, ಅವಳ ಕೊನೆಯ ಅಳತೆ ಗ್ರಾಫಿನಲ್ಲಿ ಲೆಕ್ಕದ ಗೆರೆಯಿಂದ ಕೆಳಗೆ ಬಿದ್ದದ್ದು ಹಾಗೆ, ಒಂದೇ ಒಂದು ಚುಕ್ಕೆ, ಗೈಡ್ ಮೇಷ್ಟ್ರು ಅದನ್ನು ನೋಡಿ ಮುಖ ಸಿಂಡರಿಸಿದ್ದರು, ದೂರದರ್ಶಕದ ಕ್ಯಾಮೆರಾಗೆ ಕೊಳೆ ಕೂತಿದೆ, ಅದಕ್ಕೇ ಮಂಕಾಗಿ ಕಾಣುತ್ತೆ, ತೆಗೆದುಹಾಕು, ಒಂದು ಚುಕ್ಕೆಗೋಸ್ಕರ ಪಿಎಚ್‌ಡಿ ಕಳ್ಕೋಬೇಡಮ್ಮ — ಕೆಟ್ಟವರಲ್ಲ, ಮಗಳ ಹಾಗೆ ನೋಡಿಕೊಂಡವರು, ಅದೇ ಕಷ್ಟ — ಕೊಳೆ ಆಗಿದ್ದರೆ ಪಕ್ಕದ ನಕ್ಷತ್ರವೂ ಮಂಕಾಗಬೇಕಿತ್ತಲ್ಲ ಸಾರ್, ಆಗಿಲ್ಲವಲ್ಲ ಅಂದದ್ದಕ್ಕೆ ಅವರಿಗೆ ಸಿಟ್ಟು ಬಂದಿತ್ತು.

ಈಗ ಪರೀಕ್ಷಕರು ಎದುರಿಗೆ, ಮೇಷ್ಟ್ರು ಮೊದಲ ಸಾಲಿನಲ್ಲಿ, ಅವಳು ಗುಂಡಿ ಒತ್ತುತ್ತಾಳೆ, ಬಿಳಿ ಬೋರ್ಡಿನ ಮೇಲೆ ಗ್ರಾಫ್ ಬೀಳುತ್ತದೆ, ಗೆರೆ ಇದೆ, ಚುಕ್ಕೆಗಳಿವೆ, ಕೊನೆಯದಿಲ್ಲ, ಮೇಷ್ಟ್ರು ಕನ್ನಡಕ ಒರೆಸುತ್ತಿದ್ದಾರೆ, ಓಹೋ, ಮೊನ್ನೆ ಅವರು ಫೈಲ್ ಕಳಿಸು, ಒಪ್ಪ ಮಾಡಿಕೊಡ್ತೀನಿ ಅಂದದ್ದು ಇದಕ್ಕೆ, ಮೈಯೆಲ್ಲ ಉರಿಯುತ್ತದೆ, ಅಳು ಬರುತ್ತದೆ, ಬರಲಿ, ಅಳುತ್ತಲೂ ಬರೆಯಬಹುದು, ಬೋರ್ಡಿನ ಅಂಚಿನಲ್ಲಿ ಕಪ್ಪು ಮಾರ್ಕರ್ ಇದೆ, ಜಾಗ ಅವಳಿಗೆ ಬಾಯಿಪಾಠ, ಗೆರೆಯಿಂದ ಕೆಳಗೆ, ಕೊಂಚ ಬಲಕ್ಕೆ, ಒತ್ತಿ ಇಟ್ಟಳು, ಇಲ್ಲಿ ಇನ್ನೊಂದು ಅಳತೆ ಇದೆ, ಬಿಟ್ಟುಹೋಗಿದೆ, ಇದರ ಹೊಣೆ ನನ್ನದು ಅಂದಳು, ಮುಂದಕ್ಕೆ ಹೋಗಮ್ಮ ಅಂತ ಮೇಷ್ಟ್ರು, ಹೋದಳು, ಗ್ರಾಫ್ ಸರಿದು ಸಮೀಕರಣ ಬಂತು, ಸಮೀಕರಣ ಸರಿದು ಕೃತಜ್ಞತೆಯ ಪುಟ, ಮೇಷ್ಟ್ರ ಹೆಸರು, ಅವಳೇ ಪ್ರೀತಿಯಿಂದ ದೊಡ್ಡದಾಗಿ ಹಾಕಿದ್ದು, ಹೆಸರಿನ ನಟ್ಟನಡುವೆ ಅದು, ಸರಿಯದೆ, ಕಪ್ಪಗೆ, ಚುಕ್ಕೆ